ವೈಲ್ಡ್‌ಲೈಫ್ ಮ್ಯಾನೇಜ್‌ಮೆಂಟ್ ಏರಿಯಾಗಳ ನೀರಂಚಿನಲ್ಲಿ ಟೆಂಟ್ ಹಾಕುವ ಕ್ರಮ

ಅಮೆರಿಕದ ವೈಲ್ಡ್‌ಲೈಫ್ ಮ್ಯಾನೇಜ್‌ಮೆಂಟ್ ಏರಿಯಾಗಳನ್ನು (ಎಲ್ಲರೂ ಡಬ್ಲ್ಯೂಎಂಎ ಎಂದೇ ಕರೆಯುತ್ತಾರೆ) ಪಾರ್ಕು ಎಂದುಕೊಂಡು ಹೋದವರಿಗೆ ಮೊದಲ ರಾತ್ರಿಯೇ ಕಷ್ಟವಾಗುತ್ತದೆ. ಆಯಾ ರಾಜ್ಯದ ವನ್ಯಜೀವಿ ಇಲಾಖೆ ಮೊದಲು ಪ್ರಾಣಿಪಕ್ಷಿಗಳಿಗಾಗಿ, ಆಮೇಲೆ ಬೇಟೆ ಮತ್ತು ಮೀನುಗಾರಿಕೆಗಾಗಿ ನೋಡಿಕೊಳ್ಳುವ ನೆಲ ಇದು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಂತೆ ಬಂದೂಕು, ಮದ್ದುಗುಂಡುಗಳ ಮೇಲೆ ಬೀಳುವ ಫೆಡರಲ್ ಸುಂಕ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ಉದ್ದ ನಳಿಗೆಯ ಬಂದೂಕಿಗೆ ಮತ್ತು ಗುಂಡಿಗೆ ಆ ಸುಂಕ ಶೇ 11. ಈ ಹಣ ಮತ್ತು ಬೇಟೆ ಲೈಸೆನ್ಸಿನ ಹಣ, ಇವೆರಡರಿಂದಲೇ ಇಂಥ ಎಷ್ಟೋ ಜಾಗಗಳ ಖರೀದಿ ಮತ್ತು ಆರೈಕೆ ನಡೆಯುತ್ತದೆ. ಟೆಂಟ್ ಹಾಕುವವರು ಇಲ್ಲಿ ಅತಿಥಿಗಳು. ನಲ್ಲಿ, ಶೌಚಾಲಯ, ದೀಪ, ಮೇಜು ಯಾವುದೂ ಇರುವುದಿಲ್ಲ ಎಂದುಕೊಂಡೇ ಹೊರಡಿ. ಎಲ್ಲೋ ಒಂದು ಕಡೆ ಕಚ್ಚಾ ಶೌಚಾಲಯ ಸಿಕ್ಕರೆ ಅದು ಲಾಭ.

ಇನ್ನೊಂದು ವಿಷಯ ನಕ್ಷೆಯಲ್ಲಿ ಕಾಣುವುದಿಲ್ಲ. ಬಾತುಕೋಳಿಗಳಿಗಾಗಿ ಕಟ್ಟಿದ ಒಡ್ಡಿನ ಕೆರೆಗಳ ನೀರನ್ನು ಸಿಬ್ಬಂದಿ ವಸಂತ ಅಥವಾ ಬೇಸಿಗೆಯಲ್ಲಿ ಬೇಕೆಂದೇ ಇಳಿಸುತ್ತಾರೆ. ಬಯಲಾದ ಕೆಸರಿನಲ್ಲಿ ಹುಲ್ಲು ಬೆಳೆದು ಬೀಜ ಕಟ್ಟಿದ ಮೇಲೆ, ಶರತ್ಕಾಲದಲ್ಲಿ ಮತ್ತೆ ನೀರು ತುಂಬಿಸುತ್ತಾರೆ. ನಕ್ಷೆಯಲ್ಲಿ ನೀಲಿಯಾಗಿ ಕಾಣುವ ಜಾಗ ಜುಲೈನಲ್ಲಿ ಅರ್ಧ ಮೈಲಿ ಕೆಸರಾಗಿರಬಹುದು. ಇಲಾಖೆಯೇ ಒಣ ಹುಲ್ಲು, ಪೊದೆಗೆ ಯೋಜಿತ ಬೆಂಕಿ ಹಾಕುವ ದಿನಗಳಲ್ಲಿ ದಾರಿ ಮುಚ್ಚಿರಬಹುದು. ಹೊರಡುವ ವಾರ ಆ ಪ್ರದೇಶದ ಕಚೇರಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ಈಗ ನೀರು ಎಷ್ಟಿದೆ, ಯಾವ ರ‍್ಯಾಂಪಿನಿಂದ ದೋಣಿ ಇಳಿಸಬಹುದು. ವೆಬ್‌ಸೈಟಿನಲ್ಲಿ ಸಿಗದ ಉತ್ತರ ಅಲ್ಲಿನ ಸಿಬ್ಬಂದಿಯ ಹತ್ತಿರ ಇರುತ್ತದೆ.

ಪರವಾನಗಿ

ಇಡೀ ದೇಶಕ್ಕೆ ಒಂದೇ ನಿಯಮವಿಲ್ಲ, ಪಕ್ಕಪಕ್ಕದ ಎರಡು ಡಬ್ಲ್ಯೂಎಂಎಗಳಲ್ಲೇ ಬೇರೆ ಬೇರೆ ಇರುತ್ತದೆ. ಕೆಲವು ಕಡೆ ರಾತ್ರಿ ಉಳಿಯುವಂತೆಯೇ ಇಲ್ಲ. ಕೆಲವು ಕಡೆ ಗುರುತು ಹಾಕಿದ ಜಾಗದಲ್ಲಿ ಮಾತ್ರ ಉಳಿಯಬಹುದು. ಇನ್ನು ಕೆಲವು ಕಡೆ ಬೇಟೆಯ ದಿನಗಳಲ್ಲಿ ಬೇಟೆಗಾರರಿಗೆ ಮಾತ್ರ ಅವಕಾಶ. ಟೆಕ್ಸಸ್‌ನಲ್ಲಿ ಬೇಟೆಯಾಡದವರಿಗೆ ಲಿಮಿಟೆಡ್ ಪಬ್ಲಿಕ್ ಯೂಸ್ ಪರ್ಮಿಟ್ ಎಂಬುದು ಬೇರೆಯೇ ಇದೆ. ಲೂಯಿಸಿಯಾನದಲ್ಲಿ ಪ್ರವೇಶ ಪರವಾನಗಿಯ ಜೊತೆಗೆ ಸೆಲ್ಫ್ ಕ್ಲಿಯರಿಂಗ್ ಪರ್ಮಿಟ್ ಬೇಕು. ಒಳಗೆ ಹೋಗುವಾಗ ಒಂದು ಭಾಗ ತುಂಬಬೇಕು, ಹೊರಬರುವಾಗ ಉಳಿದದ್ದನ್ನು ಮುಗಿಸಬೇಕು. ಬರುವಾಗಿನ ಭಾಗವನ್ನು ಮರೆಯುವವರೇ ಹೆಚ್ಚು. ಫ್ಲೋರಿಡಾದಲ್ಲಿ ಪ್ರತಿ ಡಬ್ಲ್ಯೂಎಂಎಗೂ ನಿಯಮ ಮತ್ತು ನಕ್ಷೆಯ ಪ್ರತ್ಯೇಕ ಕರಪತ್ರವಿದೆ. ಅದನ್ನು ಫೋನಿಗೆ ಇಳಿಸಿಕೊಂಡರೆ ಸಾಲದು, ಮುದ್ರಿಸಿ ಪ್ಲಾಸ್ಟಿಕ್ ಚೀಲದಲ್ಲಿಡಿ. ಓದುವಾಗ ಮುಖ್ಯವಾಗಿ ಹುಡುಕಬೇಕಾದದ್ದು ಇಷ್ಟು: ಟೆಂಟ್ ಎಲ್ಲಿ ಹಾಕಬಹುದು, ಎಷ್ಟು ರಾತ್ರಿ ಇರಬಹುದು, ಬೆಂಕಿಗೆ ಅವಕಾಶ ಇದೆಯೇ, ಮೋಟಾರಿಗೆ ನಿರ್ಬಂಧವಿದೆಯೇ, ನಾಯಿ ತರಬಹುದೇ.

ಬೇಟೆಯ ಕ್ಯಾಲೆಂಡರ್

ದಿನಾಂಕ ಗೊತ್ತು ಮಾಡುವ ಮೊದಲು ಬೇಟೆಯ ಋತುಗಳ ಪಟ್ಟಿ ನೋಡಿ. ಜಿಂಕೆಯ ಋತುವಿನಲ್ಲಿ ಕಿತ್ತಳೆ ಬಣ್ಣದ ವೆಸ್ಟ್ ಮತ್ತು ಟೋಪಿ ಹಾಕಿಕೊಂಡೇ ಓಡಾಡಿ. ಫ್ಲೋರಿಡಾದ ಸಾರ್ವಜನಿಕ ನೆಲದಲ್ಲಿ ಜಿಂಕೆ ಬೇಟೆಯಾಡುವವರೂ ಅವರ ಜೊತೆಗಿರುವವರೂ ಸೊಂಟದ ಮೇಲೆ ಕನಿಷ್ಠ 500 ಚದರ ಇಂಚು ಕಿತ್ತಳೆ ಬಣ್ಣ ತೊಡಬೇಕು. ಬೇಟೆಯಾಡದವರಿಗೂ ಅದೇ ಒಳ್ಳೆಯ ಅಳತೆ. ಟೆಂಟಿನ ಮೇಲೂ ಒಂದು ಕಿತ್ತಳೆ ಬಟ್ಟೆ ಕಟ್ಟಿ. ಕಂದು, ಬಿಳಿ ಬಟ್ಟೆ ಬೇಡ; ಜಿಂಕೆಯ ಬಾಲದ ಬಿಳಿ ಎಂದು ದೂರದಿಂದ ಯಾರಾದರೂ ಒಂದು ಕ್ಷಣ ತಪ್ಪು ತಿಳಿದರೂ ಸಾಕು, ಅನಾಹುತವಾಗುತ್ತದೆ.

ನೀರಂಚಿನಲ್ಲಿ ಇರುವವರಿಗೆ ಹೆಚ್ಚು ತಾಗುವುದು ಬಾತುಕೋಳಿ ಬೇಟೆ. ವಲಸೆ ಹಕ್ಕಿಗಳಿಗೆ ಗುಂಡು ಹಾರಿಸುವ ಹೊತ್ತು ಸಾಮಾನ್ಯವಾಗಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ಶುರುವಾಗುತ್ತದೆ. ಬೇಟೆಗಾರರು ಅದಕ್ಕೂ ಬಹಳ ಮುಂಚೆ, ಕತ್ತಲಲ್ಲೇ ಮೋಟಾರು ದೋಣಿಯಲ್ಲಿ ಬಂದು ಜಾಗ ಹಿಡಿಯುತ್ತಾರೆ. ಆಳವಿಲ್ಲದ ಕೊಲ್ಲಿ, ಹುಲ್ಲು ಹೊದಿಸಿದ ಮರೆಗೂಡು, ನೀರಲ್ಲಿ ತೇಲುವ ನಕಲಿ ಬಾತುಗಳು ಕಂಡರೆ ಅಲ್ಲಿ ಟೆಂಟ್ ಬೇಡ. ಕಾಲುವೆಯ ತಿರುವಿನಲ್ಲೂ ದೋಣಿ ನಿಲ್ಲಿಸಬೇಡಿ. ಕತ್ತಲಲ್ಲಿ ವೇಗವಾಗಿ ಬರುವ ದೋಣಿಗೆ ನಿಮ್ಮ ಕಯಾಕ್ (ಹುಟ್ಟು ಹಾಕುವ ಸಣ್ಣ ದೋಣಿ) ಕಾಣುವುದೇ ಇಲ್ಲ. ರಾತ್ರಿ ದೋಣಿಯನ್ನು ದಡದ ಮೇಲೆ ಎಳೆದಿಟ್ಟು ಅದರ ಮೂತಿ, ಹಿಂಬದಿ ಎರಡಕ್ಕೂ ಬೆಳಕು ಬಿದ್ದರೆ ಹೊಳೆಯುವ ಟೇಪ್ ಅಂಟಿಸಿ.

ಜಾಗ ಆರಿಸುವುದು

ಇದೊಂದು ಸರಿಯಾದರೆ ಉಳಿದ ತಪ್ಪುಗಳನ್ನು ತಡೆದುಕೊಳ್ಳಬಹುದು. ನೀರಂಚಿನ ಬಿಡಾರ ಎಂದರೆ ನೀರಿಗೆ ಒತ್ತಿಕೊಂಡು ಮಲಗುವುದಲ್ಲ. ದೋಣಿ ಇಳಿಸುವ ಜಾಗ ನೀರಂಚಿನಲ್ಲಿರಲಿ, ಹಾಸಿಗೆ ಎತ್ತರದಲ್ಲಿರಲಿ. ಗೊತ್ತುಪಡಿಸಿದ ಜಾಗ ಇಲ್ಲದಿದ್ದರೆ ನೀರಿನಿಂದ 200 ಅಡಿ, ಅಂದರೆ ದೊಡ್ಡವರ 70 ಹೆಜ್ಜೆ, ದೂರ ಇರಿ. ದಡದ ಗಿಡಗಳು, ಅಲ್ಲಿ ಗೂಡು ಕಟ್ಟುವ ಹಕ್ಕಿಗಳು, ರಾತ್ರಿ ನೀರು ಕುಡಿಯಲು ಬರುವ ಪ್ರಾಣಿಗಳು, ಎಲ್ಲವಕ್ಕೂ ಆ ಅಂತರ ಬೇಕು. ನಿಮಗೂ ಬೇಕು.

ಹೊಳೆಯ ದಡದಲ್ಲಿ ಮೊದಲು ನೆಲ ನೋಡಬೇಡಿ, ಮರಗಳನ್ನು ನೋಡಿ. ಕೊಂಬೆಗಳಿಗೆ ಸಿಕ್ಕಿಕೊಂಡ ಒಣ ಹುಲ್ಲು, ಪ್ಲಾಸ್ಟಿಕ್, ಕಾಂಡದ ಮೇಲೆ ಮಣ್ಣಿನ ಬಣ್ಣದ ಗೆರೆ, ಇವೆಲ್ಲ ಹಿಂದಿನ ಪ್ರವಾಹ ಎಲ್ಲಿವರೆಗೆ ಬಂದಿತ್ತು ಎಂದು ಹೇಳುತ್ತವೆ. ಆ ಗುರುತು ನಿಮ್ಮ ತಲೆಗಿಂತ ಮೇಲಿದ್ದರೆ ಅಲ್ಲಿ ಮಲಗುವುದು ಮೇಲ್ಭಾಗದ ಮಳೆ ಮತ್ತು ಅಣೆಕಟ್ಟಿನ ವರದಿ ನೋಡಿದ ಮೇಲೆ ಮಾತ್ರ. ಅಣೆಕಟ್ಟಿನ ಕೆಳಗೆ ಆಕಾಶ ಶುಭ್ರವಿದ್ದರೂ ನೀರು ಏರುತ್ತದೆ, ವಿದ್ಯುತ್ ಉತ್ಪಾದನೆಗೆ ಗೇಟು ತೆರೆದರೆ ಸಾಕು. ಯುಎಸ್‌ಜಿಎಸ್ (ಅಮೆರಿಕದ ಭೂವಿಜ್ಞಾನ ಸಮೀಕ್ಷೆ) ನದಿ ಮಾಪಕಗಳ ಅಂಕಿಗಳನ್ನು ನೋಡುವಾಗ ಒಂದು ಅಂಕಿಯನ್ನಲ್ಲ, ಮೂರು ದಿನದ ಗೆರೆಯ ಏರಿಳಿತವನ್ನು ನೋಡಿ. ಏರುತ್ತಲೇ ಇದ್ದರೆ ದಿನಾಂಕ ಬದಲಿಸಿ. ದಡ ಸೇರಿದ ಕೂಡಲೇ ನೀರಿನ ಅಂಚಿಗೆ ಸರಿಯಾಗಿ ಒಂದು ಕಡ್ಡಿ ನೆಡಿ, ಊಟದ ಹೊತ್ತಿಗೆ, ಮಲಗುವ ಹೊತ್ತಿಗೆ ನೋಡಿ. ಕಡ್ಡಿ ಮೂರು ಬೆರಳು ಮುಳುಗಿದ್ದರೆ ಹಾಸಿಗೆ ಮೇಲಕ್ಕೆ ಸಾಗಿಸುವುದು ಆಗಲೇ, ನಡುರಾತ್ರಿಯಲ್ಲಲ್ಲ.

ಉಬ್ಬರ-ಇಳಿತ ಇರುವ ಕಡೆ ಲೆಕ್ಕ ಬೇರೆ. ಅಟ್ಲಾಂಟಿಕ್ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಒಂದರಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಮಾರನೆಯ ದಿನ ಅದೇ ಉಬ್ಬರ 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಅತಿ ಹೆಚ್ಚು. ಜಾರ್ಜಿಯಾದ ಕರಾವಳಿಯಲ್ಲಿ ಏರಿಳಿತದ ಎತ್ತರ 6 ಅಡಿಗೂ ಮೀರುತ್ತದೆ, ಹಾಗಾಗಿ ಮಧ್ಯಾಹ್ನ ಒಣಗಿದ ಮರಳು ದಿಬ್ಬ ರಾತ್ರಿ ನೀರಡಿಗೆ ಹೋಗಬಹುದು. ದಡದಲ್ಲಿ ಒಣ ಜೊಂಡು, ಕಡ್ಡಿಕಸ ಸಾಲಾಗಿ ಬಿದ್ದ ಗೆರೆ ಇರುತ್ತದೆ. ಅಂಥ ಎರಡು ಮೂರು ಗೆರೆ ಕಂಡರೆ ಎಲ್ಲಕ್ಕಿಂತ ಮೇಲಿನದರಿಂದಾಚೆಗೆ ಟೆಂಟ್ ಹಾಕಿ.

ಗಲ್ಫ್ ಕರಾವಳಿಯ ಬಹುಭಾಗದಲ್ಲಿ, ಲೂಯಿಸಿಯಾನದ ಡೆಲ್ಟಾದಲ್ಲಂತೂ, ದಿನಕ್ಕೆ ಒಂದೇ ಉಬ್ಬರ, ಅದೂ ಒಂದೆರಡು ಅಡಿಯೊಳಗೆ. ಹೊಸಬರು ಇದನ್ನು ನೋಡಿ ನಿಶ್ಚಿಂತರಾಗುತ್ತಾರೆ. ಆದರೆ ಅಲ್ಲಿ ನೀರನ್ನು ಆಳುವುದು ಗಾಳಿ. ಚಳಿಗಾಲದ ಶೀತ ಅಲೆ ಬರುವ ಮೊದಲು ದಕ್ಷಿಣದ ಗಾಳಿ ಸಮುದ್ರದ ನೀರನ್ನು ಜೌಗಿನೊಳಕ್ಕೆ ನೂಕುತ್ತದೆ. ಆ ಶೀತ ಅಲೆ ದಾಟಿದ ಮೇಲೆ ಉತ್ತರದ ಗಾಳಿ ಅದನ್ನು ಸಮುದ್ರಕ್ಕೆ ಎಳೆದೊಯ್ಯುತ್ತದೆ. ಸಂಜೆ ತೇಲುತ್ತಿದ್ದ ದೋಣಿ ಬೆಳಿಗ್ಗೆ ಕೆಸರಿನ ಬಯಲಲ್ಲಿ ಕೂತಿರುತ್ತದೆ, ಗಾಳಿ ತಿರುಗುವವರೆಗೆ ಕಾಯುವುದೇ ಗತಿ. ಅಟ್ಚಾಫಲಾಯ ಡೆಲ್ಟಾ ಮತ್ತು ಮಿಸಿಸಿಪಿಯ ಬಾಯಲ್ಲಿರುವ ಪಾಸ್-ಎ-ಲೂಟ್ರ್ ಡಬ್ಲ್ಯೂಎಂಎಗಳಿಗೆ ದೋಣಿಯಲ್ಲಿ ಮಾತ್ರ ಹೋಗಬಹುದು, ನಡೆದು ಹೊರಬರುವ ದಾರಿ ಇಲ್ಲ. ಹಾಗಾಗಿ ಅಲ್ಲಿಗೆ ಒಂದು ಹೆಚ್ಚುವರಿ ದಿನದ ನೀರು, ಊಟ ಒಯ್ಯುವುದು ಐಚ್ಛಿಕವಲ್ಲ.

ನೆಲ ಗೊತ್ತಾದ ಮೇಲೆ ತಲೆಯೆತ್ತಿ ನೋಡಿ. ಒಣ ಕೊಂಬೆ ತೂಗುತ್ತಿದ್ದರೆ ಅದರ ಕೆಳಗೆ ಮಲಗಬೇಡಿ. ದಡದಲ್ಲಿ ಕೊರೆತ ಬಿದ್ದು ಬೇರು ಹೊರಗೆ ಕಾಣುವ ಮರದ ಬುಡವೂ ಬೇಡ. ಮರಳಿನಲ್ಲಿ ಮಾಮೂಲಿ ಗೂಟ ನಿಲ್ಲುವುದಿಲ್ಲ. ಚಿಕ್ಕ ಬಟ್ಟೆ ಚೀಲಕ್ಕೆ ಮರಳು ತುಂಬಿ, ಬಾಯಿಗೆ ಹಗ್ಗ ಕಟ್ಟಿ, ಒಂದಡಿ ಆಳಕ್ಕೆ ಹೂತು ಮೇಲೆ ತುಳಿದು ಗಟ್ಟಿ ಮಾಡಿ. ಹಗ್ಗ ಹೊರಬರುವ ಕಡೆ ನೇರವಾಗಿರದೆ ಟೆಂಟಿನತ್ತ ಓರೆಯಾಗಿರಲಿ. ಟೆಂಟಿನ ಅಡಿಹಾಸು ಟೆಂಟಿಗಿಂತ ಒಂದಿಂಚು ಒಳಗಿರಬೇಕು. ಹೊರಗೆ ಚಾಚಿದರೆ ಮಳೆನೀರನ್ನು ಅದೇ ಹಿಡಿದು ನಿಮ್ಮ ಬೆನ್ನಡಿಗೆ ತರುತ್ತದೆ. ಸೈಪ್ರಸ್ ಮರಗಳ ಜೌಗಿನಂಥ ಒದ್ದೆ ನೆಲದಲ್ಲಿ ಹ್ಯಾಮಕ್ (ಮರಗಳ ನಡುವೆ ಕಟ್ಟುವ ತೂಗುಹಾಸಿಗೆ) ಟೆಂಟಿಗಿಂತ ಎಷ್ಟೋ ಮೇಲು. ಆದರೆ ಮರಕ್ಕೆ ಏನನ್ನೂ ಕಟ್ಟಬಾರದೆಂಬ ನಿಯಮ ಕೆಲವು ಕಡೆ ಇದೆ, ಕೇಳಿಕೊಳ್ಳಿ. ಇದ್ದರೂ ಇಲ್ಲದಿದ್ದರೂ ಅಗಲದ ಪಟ್ಟಿಯನ್ನೇ ಬಳಸಿ, ಹಗ್ಗ ತೊಗಟೆಯನ್ನು ಕೊಯ್ಯುತ್ತದೆ.

ದೋಣಿ ತುಂಬುವುದು, ಕಟ್ಟುವುದು

ಪ್ರತಿಯೊಬ್ಬರಿಗೂ ಅಳತೆಗೆ ಸರಿಯಾದ ಲೈಫ್ ಜಾಕೆಟ್ ದೋಣಿಯಲ್ಲಿರಬೇಕು ಎಂಬುದು ಫೆಡರಲ್ ನಿಯಮ. 13 ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ರಾಜ್ಯ ಬೇರೆ ನಿಯಮ ಮಾಡದಿದ್ದರೆ ಸಾಗುತ್ತಿರುವ ದೋಣಿಯಲ್ಲಿ ಅದನ್ನು ತೊಟ್ಟಿರಲೇಬೇಕು. ಇರಬೇಕು ಎಂಬುದು ಕಾನೂನು. ತೊಟ್ಟಿರಬೇಕು ಎಂಬುದು ಎಲ್ಲರಿಗೂ ನಮ್ಮ ಸಲಹೆ, ಏಕೆಂದರೆ ಸಾಮಾನು ತುಂಬಿದ ಕ್ಯಾನೂ ಮಗುಚುವಾಗ ಜಾಕೆಟ್ ಹುಡುಕಲು ಹೊತ್ತು ಸಿಗುವುದಿಲ್ಲ.

ನೀರಿನ ಕ್ಯಾನು, ಅಡುಗೆ ಪೆಟ್ಟಿಗೆಯಂಥ ಭಾರದವು ನಡುವೆ, ತಳಕ್ಕೆ ತಾಗಿ ಇರಲಿ. ಹಾಸಿಗೆ, ಬಟ್ಟೆ ತುದಿಗಳಲ್ಲಿರಲಿ. ಎಲ್ಲ ತುಂಬಿ ಎಲ್ಲರೂ ಕೂತ ಮೇಲೆ ದೋಣಿಯ ಅಂಚು ನೀರಿನಿಂದ ಕನಿಷ್ಠ 6 ಇಂಚು ಮೇಲಿರಬೇಕು, ತೆರೆದ ನೀರು ದಾಟುವುದಿದ್ದರೆ ಇನ್ನೂ ಹೆಚ್ಚು. ಹಾಸಿಗೆ ಮತ್ತು ಒಂದು ಜೊತೆ ಒಣ ಬಟ್ಟೆಗೆ ಎರಡು ಪದರದ ರಕ್ಷಣೆ ಕೊಡಿ: ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ, ಹೊರಗೆ ಡ್ರೈ ಬ್ಯಾಗ್. ಡ್ರೈ ಬ್ಯಾಗಿನ ಬಾಯಿಯನ್ನು ಗಾಳಿ ಹೊರಹಾಕಿ ಮೂರು ಸುತ್ತಾದರೂ ಮಡಚಬೇಕು, ಒಂದೇ ಸುತ್ತಿಗೆ ನೀರು ನುಗ್ಗುತ್ತದೆ.

ಇಳಿಯುವ ಮೊದಲು ಹುಟ್ಟಿನಿಂದ ತಳ ಕುತ್ತಿ ನೋಡಿ. ಹುಟ್ಟು ಸಲೀಸಾಗಿ ಒಂದಡಿ ಇಳಿದರೆ ಕಾಲಿಡಬೇಡಿ, ಬೇರೆ ದಡ ಹುಡುಕಿ. ಕೆಸರಿಗೆ ಉದ್ದನೆಯ ರಬ್ಬರ್ ಬೂಟು ತಪ್ಪು ಆಯ್ಕೆ: ಕೆಸರು ಅದನ್ನು ಹೀರಿ ಹಿಡಿಯುತ್ತದೆ, ಕಾಲು ಮಾತ್ರ ಹೊರಬರುತ್ತದೆ. ಲೇಸ್ ಬಿಗಿದ ಹಳೆಯ ಕ್ಯಾನ್ವಾಸ್ ಶೂ ಒಳ್ಳೆಯದು. ಬರಿಗಾಲು ಬೇಡವೇ ಬೇಡ, ಸಿಂಪಿಚಿಪ್ಪು ಚಾಕುವಿನಂತೆ ಸೀಳುತ್ತದೆ.

ರಾತ್ರಿ ಕಯಾಕ್, ಕ್ಯಾನೂಗಳನ್ನು ಟೆಂಟಿನ ಮಟ್ಟಕ್ಕೇ ಎಳೆದು, ಬೋರಲಾಗಿಸಿ, ಮರಕ್ಕೆ ಕಟ್ಟಿ. ಗಾಳಿಗೆ ಖಾಲಿ ದೋಣಿ ಉರುಳಿಕೊಂಡು ನೀರಿಗೆ ಹೋಗುತ್ತದೆ. ಎಳೆಯಲಾಗದ ಮೋಟಾರು ದೋಣಿಗೆ ಲಂಗರು ಹಾಕುವಾಗ ಹಗ್ಗದ ಉದ್ದ ಆಳದ ಏಳು ಪಟ್ಟು ಇರಲಿ. ಆಳ ಅಳೆಯುವಾಗ ಉಬ್ಬರದ ಎತ್ತರವನ್ನೂ ನೀರಿನಿಂದ ದೋಣಿಯ ಮೂತಿಯವರೆಗಿನ ಎತ್ತರವನ್ನೂ ಸೇರಿಸಿ. ದಡದ ಮರಕ್ಕೆ ಗಿಡ್ಡ ಹಗ್ಗದಲ್ಲಿ ಕಟ್ಟಿದರೆ ಎರಡು ರೀತಿಯ ಅನಾಹುತ ಆಗುತ್ತದೆ. ನೀರು ಏರಿದಾಗ ಹಗ್ಗ ಮೂತಿಯನ್ನು ಕೆಳಗೆ ಹಿಡಿದು ನೀರು ತುಂಬಿಸುತ್ತದೆ. ಇಳಿದಾಗ ದೋಣಿ ಕಡಿದಾದ ದಡಕ್ಕೆ ನೇತುಬಿದ್ದು ಮಗುಚುತ್ತದೆ. ಹಡಗು, ಟಗ್‌ಗಳು ಓಡಾಡುವ ಕಾಲುವೆಯಾದರೆ ಅವು ಎಬ್ಬಿಸುವ ಅಲೆ ಹತ್ತಾರು ಅಡಿ ದಡ ಹತ್ತುತ್ತದೆ, ಅಡುಗೆ ಸಾಮಾನನ್ನೂ ನೀರಿನ ಬದಿಗೆ ಇಡಬೇಡಿ.

ಕುಡಿಯುವ ನೀರು

ಸುತ್ತ ನೀರಿದ್ದರೂ ಕುಡಿಯುವ ನೀರನ್ನು ಹೊತ್ತೇ ಒಯ್ಯಿರಿ: ಒಬ್ಬರಿಗೆ ದಿನಕ್ಕೆ 4 ಲೀಟರ್, ಸೆಖೆಯಲ್ಲಿ 6. ಒಂದೇ ದೊಡ್ಡ ಕ್ಯಾನಿನ ಬದಲು ಮೂರು ನಾಲ್ಕು ಚಿಕ್ಕವು ಇದ್ದರೆ ಒಂದು ಒಡೆದರೂ ಬದುಕಿಕೊಳ್ಳಬಹುದು.

ಅಲ್ಲಿನ ನೀರು ಬಳಸಬೇಕಾದರೆ ಮೊದಲು ನಾಲಿಗೆಗೆ ಒಂದು ಹನಿ ತಾಗಿಸಿ. ಉಪ್ಪು ಅನಿಸಿದರೆ ಫಿಲ್ಟರ್, ಕುದಿಸುವಿಕೆ ಯಾವುದೂ ಉಪ್ಪನ್ನು ತೆಗೆಯುವುದಿಲ್ಲ. ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಕೆನೆಗಟ್ಟಿದ್ದರೆ ಅದು ವಿಷಕಾರಿ ಪಾಚಿ ಇರಬಹುದು. ಕುದಿಸಿದರೂ ಆ ವಿಷ ಹೋಗುವುದಿಲ್ಲ, ನಾಯಿಗೂ ಕುಡಿಸಬೇಡಿ. ಇವೆರಡೂ ಇಲ್ಲದಿದ್ದರೆ ನೀರನ್ನು ಬಕೆಟ್ಟಿನಲ್ಲಿ ರಾತ್ರಿಯಿಡೀ ತಿಳಿಯಾಗಲು ಬಿಡಿ. ಹೂಳಿನ ನೀರನ್ನು ನೇರ ಫಿಲ್ಟರಿಗೆ ಹಾಕಿದರೆ ಕೆಲವೇ ಲೀಟರಿಗೆ ಅದು ಕಟ್ಟಿಕೊಳ್ಳುತ್ತದೆ. ತುಂಬ ಬಗ್ಗಡವಿದ್ದರೆ ಒಂದು ಚಿಟಿಕೆ ಪಟಿಕದ ಪುಡಿ ಹಾಕಿ ಕದಡಿ ಬಿಟ್ಟರೆ ಹೂಳು ಬೇಗ ತಳ ಸೇರುತ್ತದೆ. ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ, ಬಳಿಕ ಕುದಿಸಿ. ಉಕ್ಕಿ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಸಾಕು, 6,500 ಅಡಿಗಿಂತ ಎತ್ತರದಲ್ಲಿ ಮೂರು ನಿಮಿಷ. ಉರುವಲು ಇಲ್ಲದಾಗ ಶೇ 8.25ರ, ಸುವಾಸನೆ ಸೇರಿಸದ ಬ್ಲೀಚ್ ಗ್ಯಾಲನ್ನಿಗೆ (3.8 ಲೀಟರ್) 6 ಹನಿ ಹಾಕಿ ಅರ್ಧ ಗಂಟೆ ಬಿಡಿ, ನೀರು ಮಬ್ಬಾಗಿದ್ದರೆ ಹನಿ ದುಪ್ಪಟ್ಟು. ಆದರೆ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿಗೆ ಈ ಬ್ಲೀಚ್ ನಾಟುವುದಿಲ್ಲ. ಹಾಗಾಗಿ ಕುದಿಸುವುದೇ ಮೊದಲ ಆಯ್ಕೆ.

ಬೆಂಕಿ ಮತ್ತು ಊಟ

ಅಡುಗೆಗೆ ಗ್ಯಾಸ್ ಸ್ಟೌ ಇರಲಿ, ಬೆಂಕಿಯನ್ನು ನೆಚ್ಚಿಕೊಳ್ಳಬೇಡಿ. ನೀರಂಚಿನ ಸೌದೆ ಒಳಗೆ ಒದ್ದೆಯಿರುತ್ತದೆ. ಮನೆಯಿಂದ ಸೌದೆ ಒಯ್ಯುವುದೂ ಬೇಡ. ಮಿಷಿಗನ್‌ನಲ್ಲಿ 2002ರಲ್ಲಿ ಪತ್ತೆಯಾದ ಎಮರಾಲ್ಡ್ ಆ್ಯಶ್ ಬೋರರ್ ಎಂಬ ದುಂಬಿ ದೂರದೂರ ಹರಡಲು ಸಾಗಿಸಿದ ಸೌದೆಯೂ ಒಂದು ಕಾರಣ. ಬಿದ್ದ ಒಣ ಪುಳ್ಳೆಯನ್ನು ಆಯ್ದುಕೊಳ್ಳಲು ಅವಕಾಶವಿದ್ದರೆ ಮಣಿಕಟ್ಟಿನಷ್ಟು ದಪ್ಪದವು ಸಾಕು. ಹೊಳೆಯ ಒದ್ದೆ ಕಲ್ಲುಗಳನ್ನು ಒಲೆಗೆ ಇಡಬೇಡಿ, ಒಳಗಿನ ತೇವ ಕಾದು ಅವು ಸಿಡಿಯುತ್ತವೆ. ಮಣ್ಣು ಕಪ್ಪಾಗಿ, ಸ್ಪಂಜಿನಂತೆ ಮೆತ್ತಗಿದ್ದರೆ ಅಲ್ಲಿ ಬೆಂಕಿ ಹಾಕಲೇಬಾರದು. ಅದು ಕೊಳೆತ ಸಸ್ಯಗಳಿಂದಾದ ಮಣ್ಣು; ಒಣಗಿದಾಗ ನೆಲದೊಳಗೇ ಹೊತ್ತಿಕೊಂಡು, ಮೇಲೆ ಆರಿದಂತೆ ಕಂಡರೂ ದಿನಗಟ್ಟಲೆ ಉರಿಯುತ್ತದೆ. ಮರಳಿನ ಮೇಲೆ ಹಾಕಿದ ಬೆಂಕಿಯನ್ನು ನೀರು ಸುರಿದು, ಕದಡಿ, ಮತ್ತೆ ಸುರಿದು, ಅಂಗೈ ಒತ್ತಿದರೆ ತಣ್ಣಗಾಗುವವರೆಗೆ ಆರಿಸಿ. ಮರಳು ಮುಚ್ಚಿ ಹೋದರೆ ಕೆಂಡ ಗಂಟೆಗಟ್ಟಲೆ ಜೀವಂತವಾಗಿದ್ದು ಮುಂದೆ ಬರುವವರ ಕಾಲು ಸುಡುತ್ತದೆ.

ಊಟದ ಸಾಮಾನನ್ನು ಟೆಂಟಿನೊಳಗೆ ಇಡಬೇಡಿ, ಟೂತ್‌ಪೇಸ್ಟನ್ನೂ ಕೂಡ. ರಕೂನ್‌ಗಳು ಊಟದ ತಂಪು ಪೆಟ್ಟಿಗೆಯ (ಕೂಲರ್) ಚಿಲಕ ತೆಗೆಯುತ್ತವೆ, ಬೆಲ್ಟ್ ಬಿಗಿದು ಕಟ್ಟಿ. ಕಪ್ಪು ಕರಡಿ ಇರುವ ಕಡೆ ಗಟ್ಟಿ ಡಬ್ಬಿ ಬೇಕು. ಇಲ್ಲವಾದರೆ ನೆಲದಿಂದ 12 ಅಡಿ ಮೇಲೆ, ಕಾಂಡದಿಂದ 4 ಅಡಿ ದೂರದಲ್ಲಿ ತೂಗುಹಾಕಿ. ಅಡುಗೆಯ ಜಾಗಕ್ಕೂ ಮಲಗುವ ಜಾಗಕ್ಕೂ 200 ಅಡಿ ಅಂತರವಿರಲಿ.

ಆಗ್ನೇಯ ರಾಜ್ಯಗಳ ನೀರಿನಲ್ಲಿ ಅಲಿಗೇಟರ್ ಮೊಸಳೆ ಇದೆ ಎಂದೇ ತಿಳಿಯಿರಿ, ಕಾಣದಿದ್ದರೂ. ಮುಸ್ಸಂಜೆಯಿಂದ ಬೆಳಗಿನವರೆಗೆ ಅವು ಹೆಚ್ಚು ಚುರುಕು. ಆ ಹೊತ್ತಿನಲ್ಲಿ ನೀರಿಗಿಳಿಯಬೇಡಿ, ಪಾತ್ರೆ ತೊಳೆಯಲು ದಡದಲ್ಲಿ ಕೂರಬೇಡಿ, ಬಕೆಟ್ಟಿನಲ್ಲಿ ನೀರು ಮೊಗೆದು ದೂರ ಹೋಗಿ ತೊಳೆಯಿರಿ. ಮೀನಿನ ಕರುಳನ್ನು ನಿಮ್ಮ ದಡದಲ್ಲಿ ಎಸೆಯಬೇಡಿ. ಊಟ ಸಿಗುತ್ತದೆಂದು ಕಲಿತ ಅಲಿಗೇಟರ್ ಮುಂದೆ ಮನುಷ್ಯರ ಹತ್ತಿರ ಬರುತ್ತದೆ, ಕೊನೆಗೆ ಅದನ್ನು ಕೊಲ್ಲಬೇಕಾಗುತ್ತದೆ. ಫ್ಲೋರಿಡಾದಲ್ಲಿ ಅದಕ್ಕೆ ಆಹಾರ ಹಾಕುವುದು ಅಪರಾಧ. ನಾಯಿಯನ್ನು ಹಗ್ಗ ಬಿಚ್ಚಿ ನೀರಿನ ಬಳಿ ಬಿಡಬೇಡಿ.

ಸೊಳ್ಳೆ ತಡೆಯಲು ಮೈಗೆ ಹಚ್ಚುವ ಶೇ 20–30ರ ಡೀಟ್ ಅಥವಾ ಶೇ 20ರ ಪಿಕಾರಿಡಿನ್ ಸಾಕು. ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಗಳು ಮಾಮೂಲಿ ಸೊಳ್ಳೆಪರದೆಯ ಕಿಂಡಿಯಲ್ಲಿ ನುಗ್ಗುತ್ತವೆ, ಅವುಗಳಿಗೆಂದೇ ನೇಯ್ದ ಒತ್ತು ಜಾಲರಿ ಬೇಕು. ಗಾಳಿ ಬೀಸುವ ಚಾಚುದಡ ಆರಿಸಿದರೆ ಅರ್ಧ ಕಾಟ ತಪ್ಪುತ್ತದೆ. ಬಟ್ಟೆಗೆ ಹಚ್ಚುವ ಪರ್ಮೆಥ್ರಿನ್ (ಶೇ 0.5) ರಕ್ತ ಹೀರುವ ಉಣುಗುಗಳನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಮೀನಿಗೆ ಅದು ಕಡು ವಿಷ. ಮನೆಯಲ್ಲೇ ಹಚ್ಚಿ ಒಣಗಿಸಿ ತನ್ನಿ, ನೀರಂಚಿನಲ್ಲಿ ಸಿಂಪಡಿಸಬೇಡಿ.

ಶೌಚ

ಎತ್ತರದ ಒಣ ನೆಲವಿದ್ದರೆ ನೀರಿನಿಂದ 200 ಅಡಿ ದೂರದಲ್ಲಿ 6–8 ಇಂಚು ಆಳದ ಗುಂಡಿ ತೋಡಿ, ಮುಗಿದ ಮೇಲೆ ಅದೇ ಮಣ್ಣಿನಿಂದ ಮುಚ್ಚಿ. ಕಾಗದವನ್ನು ಚೀಲದಲ್ಲಿ ಕಟ್ಟಿ ವಾಪಸು ತನ್ನಿ. ಚಿಕ್ಕ ದ್ವೀಪ, ಮರಳುದಿಬ್ಬ, ಜೌಗು, ಪ್ರವಾಹದ ಬಯಲಲ್ಲಿ ಈ ಪದ್ಧತಿ ನಡೆಯುವುದಿಲ್ಲ: 200 ಅಡಿ ದೂರವೇ ಸಿಗುವುದಿಲ್ಲ, ಆರು ಇಂಚು ತೋಡಿದರೆ ನೀರು ಬರುತ್ತದೆ. ಅಲ್ಲಿಗೆ ಮಲವನ್ನು ಗಟ್ಟಿಗೊಳಿಸುವ ಪುಡಿ ಇರುವ ಚೀಲಗಳನ್ನು ಒಬ್ಬರಿಗೆ ದಿನಕ್ಕೆ ಒಂದರಂತೆ, ಮೇಲೆ ಒಂದೆರಡು ಹೆಚ್ಚು ಒಯ್ಯಿರಿ. ಬಿಗಿಮುಚ್ಚಳದ ಬಕೆಟ್ ಇದ್ದರೆ ಕೂರಲೂ ಆಯಿತು, ಸಾಗಿಸಲೂ ಆಯಿತು.

ಹವಾಮಾನ, ಸುದ್ದಿ

ಇಂಥ ಕಡೆ ಫೋನಿಗೆ ಸಿಗ್ನಲ್ ಸಿಗದಿರುವುದೇ ಹೆಚ್ಚು. 162.400ರಿಂದ 162.550 ಮೆಗಾಹರ್ಟ್ಸ್ ಹಿಡಿಯುವ ಎನ್‌ಒಎಎ ಹವಾಮಾನ ರೇಡಿಯೊ, ಕರಾವಳಿಯಲ್ಲಿ ತುರ್ತು ಕರೆಯ ಚಾನೆಲ್ 16 ಇರುವ ವಿಎಚ್‌ಎಫ್ ರೇಡಿಯೊ ಜೊತೆಗಿರಲಿ. ದೂರದ ಡೆಲ್ಟಾಗಳಿಗೆ 406 ಮೆಗಾಹರ್ಟ್ಸ್‌ನ ತುರ್ತು ಬೀಕನ್ (ಉಪಗ್ರಹದ ಮೂಲಕ ನೆರವು ಕೋರುವ ಸಾಧನ) ದುಬಾರಿಯಾದರೂ ಕೊಳ್ಳುವಂಥದ್ದು. ಗುಡುಗು ಕೇಳಿದರೆ ನೀರಿನಿಂದ ಹೊರಬನ್ನಿ, ಕೊನೆಯ ಗುಡುಗಿನ ಬಳಿಕ 30 ನಿಮಿಷ ಕಾಯಿರಿ. ಯಾವ ರ‍್ಯಾಂಪು, ಎಲ್ಲಿ ಟೆಂಟ್, ಎಷ್ಟು ಜನ, ದೋಣಿಯ ಬಣ್ಣ, ಯಾವ ದಿನ ಎಷ್ಟು ಗಂಟೆಯೊಳಗೆ ವಾಪಸು, ಬಾರದಿದ್ದರೆ ಯಾರಿಗೆ ಫೋನ್ ಮಾಡಬೇಕು, ಇಷ್ಟನ್ನು ಬರೆದು ಮನೆಯಲ್ಲಿ ಒಬ್ಬರ ಕೈಗೆ ಕೊಟ್ಟು ಬನ್ನಿ. ಬಂದ ಕೂಡಲೇ ಅವರಿಗೆ ತಿಳಿಸಿ, ಇಲ್ಲದಿದ್ದರೆ ನಿಮ್ಮನ್ನು ಹುಡುಕಲು ಜನ ಹೊರಟಿರುತ್ತಾರೆ.

ಹೊರಡುವಾಗ

ಹಗ್ಗದ ತುಂಡು, ಮೀನಿನ ಗಾಳದ ನೂಲನ್ನು ಕಣ್ಣಿಟ್ಟು ಹೆಕ್ಕಿ. ಹಕ್ಕಿಗಳ ಕಾಲಿಗೆ ಸುತ್ತಿಕೊಂಡು ಸಾಯಿಸುವುದರಲ್ಲಿ ಅದಕ್ಕಿಂತ ಕೆಟ್ಟದ್ದು ಮತ್ತೊಂದಿಲ್ಲ. ರ‍್ಯಾಂಪಿನಲ್ಲಿ ದೋಣಿ, ಟ್ರೇಲರಿನಿಂದ ಎಲ್ಲ ಗಿಡ, ಕೆಸರು ಕಿತ್ತು ತೆಗೆಯಿರಿ. ಜೈಂಟ್ ಸಾಲ್ವಿನಿಯಾ ಎಂಬ ತೇಲುವ ಕಳೆಯ ಒಂದು ಚೂರು ಬೇರೊಂದು ಕೆರೆಗೆ ಹೋದರೆ ಇಡೀ ನೀರನ್ನು ಮುಚ್ಚಿಬಿಡುತ್ತದೆ. ತಳದ ಬಿರಟೆ ತೆಗೆದು ನೀರೆಲ್ಲ ಅಲ್ಲೇ ಬಸಿಯಿರಿ. ಬೇರೆ ನೀರಿಗೆ ಇಳಿಸುವ ಮೊದಲು ದೋಣಿ, ಹಗ್ಗ, ಶೂ ಎಲ್ಲವೂ ಐದು ದಿನ ಬಿಸಿಲಿಗೆ ಒಣಗಲಿ. ಪರ್ಮಿಟ್ಟಿನ ಉಳಿದ ಭಾಗವನ್ನು ತುಂಬಿ ಪೆಟ್ಟಿಗೆಗೆ ಹಾಕಿ, ಅಥವಾ ಆನ್‌ಲೈನಿನಲ್ಲಿ ಮುಗಿಸಿ.